ಪರೀಕ್ಷೆ ಒಂದೇ, ತಯಾರಿ ಬೇರೆ: ಮಿಲ್ಲರ್ ಸಮಿತಿಯ ಕಥೆ

"ನೌಕರಿಯ ಪರೀಕ್ಷೆ ಎಲ್ಲರಿಗೂ ಒಂದೇ. ಹಾಗಿದ್ದ ಮೇಲೆ ಅಸಮಾನತೆ ಎಲ್ಲಿಂದ ಬಂತು?" ಚರ್ಚಾ ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮೈಸೂರು ಸಂಸ್ಥಾನ ಇದನ್ನು ನೂರು ವರ್ಷಗಳ ಹಿಂದೆಯೇ ಎದುರಿಸಿತ್ತು.

1918ರ ಸುಮಾರಿಗೆ ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ 4ಕ್ಕಿಂತ ಕಡಿಮೆ. ಗೆಜೆಟೆಡ್ ಹುದ್ದೆಗಳಲ್ಲಿ ಅವರ ಪಾಲು ನೂರಕ್ಕೆ ಸುಮಾರು 65. ವಿಜ್ಞಾನ ಓದಿದವರಿಗೆ ಇಂಥ ಎರಡು ಅಂಕಿಗಳನ್ನು ಪಕ್ಕಪಕ್ಕ ಕಂಡರೆ ಕಾರಣ ಹುಡುಕದೆ ಇರಲಾಗುವುದಿಲ್ಲ. ಇದು ಯಾರೋ ಕುಳಿತು ಹೂಡಿದ ಸಂಚು ಎಂದುಬಿಡುವುದು ಸುಲಭ. ಆದರೆ ನಡೆದದ್ದು ಬೇರೆ. 1831ರಿಂದ 1881ರವರೆಗೆ ಬ್ರಿಟಿಷ್ ಆಡಳಿತವಿದ್ದಾಗ ಕಚೇರಿಗೆ ಇಂಗ್ಲಿಷ್ ಬಂತು. ಓದುಬರಹ ಮೊದಲೇ ಮನೆಯಲ್ಲಿದ್ದವರು, ಮಗನನ್ನು ಪೇಟೆಯಲ್ಲಿಟ್ಟು ಓದಿಸಬಲ್ಲವರು ಅದನ್ನು ಬೇಗ ಕಲಿತರು. ಮದರಾಸು ಪ್ರಾಂತ್ಯದಿಂದಲೂ ಅಧಿಕಾರಿಗಳು ಬಂದರು. ಉಳುವವರ ಮನೆಯಲ್ಲಾದರೋ ಹತ್ತು ವರ್ಷದ ಹುಡುಗನೆಂದರೆ ದನ ಕಾಯುವ ಆಳು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯ ಜಗಲಿಯೇ ದೂರವಾಗಿತ್ತು. ಪ್ರಶ್ನೆಪತ್ರಿಕೆ ಒಂದೇ ಇರಬಹುದು. ಅದಕ್ಕೆ ಬೇಕಾದ ತಯಾರಿ ಎರಡು ಮೂರು ತಲೆಮಾರಿನದು.

1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಈ ಅಹವಾಲನ್ನು ಮಹಾರಾಜರ ಮುಂದಿಟ್ಟಿತು. ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೆಯ ಎರಡು ಭಾಗ ಹಿಂದುಳಿದವರಿಗೆ ಸಲ್ಲಬೇಕೆಂದು ಸಮಿತಿ 1919ರಲ್ಲಿ ಶಿಫಾರಸು ಮಾಡಿತು. ದಕ್ಷತೆಯನ್ನು ಪದವಿಯೊಂದರಿಂದಲೇ ಅಳೆಯಲಾಗದು ಎಂಬುದು ಅದರ ನಿಲುವು.

ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಾಗಲಿಲ್ಲ. ಮೊದಲು ಶಿಕ್ಷಣ ಹರಡಲಿ, ಇಲ್ಲವಾದರೆ ಆಡಳಿತ ಸಡಿಲವಾಗುತ್ತದೆ ಎಂದರು. 1918ರ ಕೊನೆಯಲ್ಲಿ ಅಧಿಕಾರ ಬಿಟ್ಟರು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಶಿಕ್ಷಣ ಹರಡುವ ತನಕ ಕಾಯಬೇಕಾದವರು ಯಾರು? ಅಷ್ಟು ಕಾಲ ಕಾದವರೇ ಅಲ್ಲವೆ?

1921ರಲ್ಲಿ ಸರ್ಕಾರಿ ಆದೇಶ ಹೊರಟಿತು. ಅದರಲ್ಲೊಂದು ತೊಡಕಿತ್ತು. ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರೂ 'ಹಿಂದುಳಿದವರು' ಎಂಬ ಒಂದೇ ಪಟ್ಟಿಗೆ ಸೇರಿದರು. ಜಮೀನೂ ಸಂಘಟನೆಯೂ ಇದ್ದ ಲಿಂಗಾಯತರು, ಒಕ್ಕಲಿಗರು ಮೊದಲು ಪ್ರಯೋಜನ ಪಡೆದರು. ಒಕ್ಕಲಿಗರ ಸಂಘವಂತೂ 1906ರಲ್ಲೇ ಸ್ಥಾಪನೆಯಾಗಿತ್ತು. ಜಮೀನಿಲ್ಲದ ಸಣ್ಣಪುಟ್ಟ ಕಸುಬಿನ ಜಾತಿಗಳು ಪಟ್ಟಿಯಲ್ಲಿದ್ದೂ ಹಿಂದೆಯೇ ಉಳಿದವು. ಅಂಥವರನ್ನು ಬೇರೆಯಾಗಿ ಗುರುತಿಸಲು ದೇವರಾಜ ಅರಸು ಸರ್ಕಾರ 1972ರಲ್ಲಿ ಎಲ್.ಜಿ. ಹಾವನೂರರ ಆಯೋಗ ನೇಮಿಸಬೇಕಾಯಿತು. 1975ರಲ್ಲಿ ಬಂದ ಅದರ ವರದಿಯ ತರುವಾಯ ವ್ಯಾಜ್ಯ ಸುಪ್ರೀಂ ಕೋರ್ಟಿಗೇರಿತು. 1985ರಲ್ಲಿ ಅಲ್ಲಿನ ಐವರು ನ್ಯಾಯಮೂರ್ತಿಗಳು ಹಿಂದುಳಿದವರು ಯಾರೆಂಬುದರ ಬಗ್ಗೆ ಐದು ಬೇರೆ ಬೇರೆ ಅಭಿಪ್ರಾಯ ಬರೆದರು.