ತಮಾಷೆ ಬಂಗಲೆಯಿಂದ ಊರಿನ ಮನೆಗೆ: ವಸ್ತುಸಂಗ್ರಹಾಲಯವೂ ಜನಸಮುದಾಯವೂ

ಸರ್ಕಾರ ಒಂದು ಸಂಸ್ಥೆಗೆ ಇಡುವ ಹೆಸರು ಬೇರೆ, ಜನ ಅದನ್ನು ಕರೆಯುವ ಹೆಸರು ಬೇರೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಹಿಂದಿನ ತಲೆಮಾರಿನವರು 'ತಮಾಷೆ ಬಂಗಲೆ' ಎನ್ನುತ್ತಿದ್ದರು. ಮದರಾಸಿನ ವಸ್ತುಸಂಗ್ರಹಾಲಯ ಅಲ್ಲಿನ ತಮಿಳರ ಬಾಯಲ್ಲಿ 'ಸತ್ತ ಕಾಲೇಜು' ಆಗಿತ್ತು. ಮೃಗಾಲಯ 'ಜೀವವಿರುವ ಕಾಲೇಜು'. ಉತ್ತರ ಭಾರತದಲ್ಲಿ 'ಅಜಾಯಬ್ ಘರ್', 'ಜಾದೂ ಘರ್' ಎಂಬ ಮಾತುಗಳು ಇಂದಿಗೂ ಬಳಕೆಯಲ್ಲಿವೆ. ಈ ಹೆಸರುಗಳಲ್ಲಿ ಬೆರಗಿದೆ, ಸ್ವಲ್ಪ ನಗೆಯೂ ಇದೆ. ಆದರೆ 'ಇದು ನಮ್ಮದು' ಎಂಬ ಭಾವ ಮಾತ್ರ ಕಾಣುವುದಿಲ್ಲ. ವಸ್ತುಸಂಗ್ರಹಾಲಯಕ್ಕೂ ಸುತ್ತಲಿನ ಜನಕ್ಕೂ ಇರುವ ಸಂಬಂಧ ಎಲ್ಲಿಂದ ಆರಂಭವಾಯಿತು, ಎತ್ತ ಸಾಗಿದೆ ಎಂಬುದನ್ನು ವಿಚಾರ ಮಾಡಲು ಈ ಹೆಸರುಗಳೇ ಒಳ್ಳೆಯ ಬಾಗಿಲು.

ನೋಡಲು ಬಂದ ಜನ

ದಕ್ಷಿಣ ಭಾರತದ ಈ ಎರಡು ಸಂಸ್ಥೆಗಳ ಹಿಂದೆಯೂ ಇದ್ದವರು ಒಬ್ಬರೇ, ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫೋರ್. 1851ರಲ್ಲಿ ಮದರಾಸಿನ ಕಾಲೇಜು ಕಟ್ಟಡವೊಂದರಲ್ಲಿ ಆರಂಭವಾದ ವಸ್ತುಸಂಗ್ರಹಾಲಯದ ಮೊದಲ ಮುಖ್ಯಸ್ಥರು ಅವರು. ಕಲ್ಲು, ಖನಿಜ, ಒಣಗಿಸಿದ ಪ್ರಾಣಿಗಳ ದೇಹ ಇವುಗಳ ನಡುವೆ ಬದುಕಿದ್ದ ಹುಲಿ, ಚಿರತೆಗಳನ್ನು ತಂದು ಕಟ್ಟಿದಾಗ ಜನ ಮುಗಿಬಿದ್ದು ಬಂದುದನ್ನು ಅವರು ಗಮನಿಸಿದರು. ಕ್ರಮೇಣ ಅಲ್ಲಿ ಒಂದು ಮೃಗಾಲಯವೇ ಬೆಳೆಯಿತು. 1863ರಲ್ಲಿ ಅದನ್ನು ಪೀಪಲ್ಸ್ ಪಾರ್ಕ್‌ಗೆ ಸಾಗಿಸಲಾಯಿತು. ಬೌರಿಂಗ್ ಅವರು ಮೈಸೂರಿನ ಕಮಿಷನರಾಗಿದ್ದಾಗ, 1865ರಲ್ಲಿ, ಬಾಲ್ಫೋರ್ ಅವರ ಪ್ರಯತ್ನದಿಂದಲೇ ಬೆಂಗಳೂರಿನಲ್ಲಿ ವಸ್ತುಸಂಗ್ರಹಾಲಯ ಆರಂಭವಾಯಿತು. ಅದರ ಮೊದಲ ನೆಲೆ ದಂಡು ಪ್ರದೇಶದ ಹಳೆಯ ಸೆರೆಮನೆ ಕಟ್ಟಡ. ಮ್ಯೂಸಿಯಂ ರಸ್ತೆ ಎಂಬ ಹೆಸರು ಆ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಮುಂದೆ ಕಬ್ಬನ್ ಉದ್ಯಾನದ ಅಂಚಿನಲ್ಲಿ ಕಟ್ಟಿದ ಕೆಂಪು ಕಟ್ಟಡಕ್ಕೆ ಸಂಗ್ರಹ ಸ್ಥಳಾಂತರಗೊಂಡಿತು.

ಬಾಲ್ಫೋರ್ ಜನರನ್ನು ಬಾಗಿಲವರೆಗೆ ಕರೆತಂದರು. ಅದು ಸಣ್ಣ ಸಾಧನೆಯಲ್ಲ. ಅರಮನೆಯ ಬಾಗಿಲು, ಸರ್ಕಾರಿ ಕಚೇರಿಯ ಬಾಗಿಲು ಸಾಮಾನ್ಯನಿಗೆ ಸುಲಭವಾಗಿ ತೆರೆಯದಿದ್ದ ಕಾಲದಲ್ಲಿ ಇಲ್ಲಿ ಯಾರು ಬೇಕಾದರೂ ಒಳಗೆ ಕಾಲಿಡಬಹುದಾಗಿತ್ತು. ಆದರೆ ಒಳಗೆ ಬಂದವನ ಪಾತ್ರ ನೋಡುವುದಷ್ಟೇ. ಏನನ್ನು ಕೂಡಿಡಬೇಕು, ಅದರ ಬಗ್ಗೆ ಏನು ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂಬುದನ್ನೆಲ್ಲ ಬೇರೆಯವರು ತೀರ್ಮಾನಿಸುತ್ತಿದ್ದರು. ಹೀಗಾಗಿ ಜನ ಅದನ್ನು ತಮಾಷೆ ಬಂಗಲೆ ಎಂದುದರಲ್ಲಿ ಆಶ್ಚರ್ಯವಿಲ್ಲ.

ಒಂದೇ ಊರಿನ ಎರಡು ಕಲ್ಲುಗಳು

ಇಲ್ಲಿ ಒಂದು ಮೂಲಭೂತ ಪ್ರಶ್ನೆ ಏಳುತ್ತದೆ. ವಸ್ತುಸಂಗ್ರಹಾಲಯದಲ್ಲಿರುವ ವಸ್ತು ಯಾವುದೋ ಒಂದು ಊರಿನಿಂದ ಬಂದದ್ದು. ಅದು ಬಂದ ಮೇಲೆ ಆ ಊರಿಗೆ ಉಳಿದುದೇನು?

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಿದರ್ಶನ ನೋಡೋಣ. ಈ ಊರಿಗೆ ಸಂಬಂಧಿಸಿದ, ಗಂಗರ ಕಾಲದ ಎರಡು ವೀರಗಲ್ಲುಗಳು ನಾಡಿನ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಒಂದು, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ಮಡಿದ ನಾಗತ್ತರನದು. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಯುದ್ಧದ ಚಿತ್ರವನ್ನು ಶಿಲ್ಪಿ ಅದರಲ್ಲಿ ಬಿಡಿಸಿದ್ದಾನೆ. ಆ ಬಳಿಕ ಗಂಗ ಅರಸ ಎರೆಯಪ್ಪನು ಇರುಗನಿಗೆ ಬೆಂಪೂರು ಹನ್ನೆರಡನ್ನು ಕೊಟ್ಟ ವಿಷಯವೂ ಅದರಲ್ಲಿದೆ. ಬೆಂಪೂರೆಂದರೆ ಇಂದಿನ ಬೇಗೂರೇ. ಈ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿತು. ಇನ್ನೊಂದು ಕಲ್ಲು ಸುಮಾರು ಕ್ರಿ.ಶ. 890ರದು. 'ಬೆಂಗಳೂರು' ಎಂಬ ಹೆಸರು ಮೊದಲಿಗೆ ಕಾಣುವುದು ಈ ಕಲ್ಲಿನಲ್ಲೇ. ಬೆಂಗಳೂರಿನ ಕಾಳಗದಲ್ಲಿ ಬುಟ್ಟಣಸೆಟ್ಟಿ ಮಡಿದುದನ್ನು ಅದು ಹೇಳುತ್ತದೆ. ಇದು ಊರಿನ ದೇವಾಲಯದ ಆವರಣದಲ್ಲೇ ಉಳಿಯಿತು.

ಮೊದಲ ಕಲ್ಲು ಮಳೆ, ಬಿಸಿಲು, ಕಟ್ಟಡದ ಕಾಮಗಾರಿ ಇವುಗಳಿಂದ ಪಾರಾಯಿತು. ವಿದ್ವಾಂಸರಿಗೂ ಪ್ರವಾಸಿಗಳಿಗೂ ಕೈಗೆಟುಕಿತು. ಆದರೆ ಅದರಲ್ಲಿ ಹೆಸರಿಸಿದ ಊರು ಅದಕ್ಕೆ ದೂರವಾಯಿತು. ಎರಡನೆಯದು ಊರಿನಲ್ಲೇ ಇದ್ದು, ಯಾರಾದರೂ ಆಸ್ಥೆ ವಹಿಸಿದರೆ ಮಾತ್ರ ಉಳಿಯುವಂಥದಾಯಿತು. ಒಂದಕ್ಕೆ ರಕ್ಷಣೆ ದೊರಕಿತು, ಇನ್ನೊಂದಕ್ಕೆ ನೆಲದ ನಂಟು ಉಳಿಯಿತು. ಎರಡೂ ಒಟ್ಟಿಗೆ ದೊರಕುವುದು ಹೇಗೆ?

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯದೂ ಇದೇ ಕಥೆ. ಡಾ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಪ್ರಕಟಪಡಿಸಿದ ಇಲ್ಲಿನ ಶಾಸನವನ್ನು ಬಹುಕಾಲ ಕನ್ನಡದ ಅತ್ಯಂತ ಪ್ರಾಚೀನ ಶಾಸನವೆಂದು ಪರಿಗಣಿಸಲಾಗಿತ್ತು. ಈಗ ತಾಳಗುಂದದ ಶಾಸನವೊಂದನ್ನು ಅದಕ್ಕಿಂತ ಹಳೆಯದೆಂದು ಹೇಳುವವರಿದ್ದಾರೆ. ಎರಡೂವರೆ ಅಡಿಯ ಆ ಸಣ್ಣ ಕಲ್ಲು ಮೈಸೂರಿನ ಸರ್ಕಾರಿ ಸಂಗ್ರಹಕ್ಕೆ ಹೋಯಿತು. ಪಲ್ಮಿಡಿ ಎಂಬ ತನ್ನ ಹೆಸರನ್ನು ಹೊತ್ತ ಕಲ್ಲೇ ಊರಿನಲ್ಲಿ ಇಲ್ಲದಂತಾಯಿತು. ಮುಂದೆ ಅದರ ಪ್ರತಿಕೃತಿಯನ್ನು ಹಲ್ಮಿಡಿಯಲ್ಲಿ ಸ್ಥಾಪಿಸಲಾಯಿತು. ಪ್ರತಿಕೃತಿ ಮೂಲಕ್ಕೆ ಸಮವಲ್ಲ, ನಿಜ. ಆದರೂ ಊರಿನ ಮಗುವೊಂದು ಅದರ ಮುಂದೆ ನಿಂತು ತನ್ನ ಊರಿನ ಹೆಸರನ್ನು ಹುಡುಕಬಹುದು. ಕಲ್ಲನ್ನು ಪಡೆದ ಸಂಗ್ರಹಾಲಯ ಊರಿಗೆ ತೀರಿಸಬೇಕಾದ ಋಣದಲ್ಲಿ ಇದು ಮೊದಲ ಕಂತು ಎನ್ನಬಹುದು.

ಇಲಿಗಳ ಪ್ರದರ್ಶನ

ಜನರು ಸಂಗ್ರಹಾಲಯಕ್ಕೆ ಬರಲಿ ಎಂದು ಕಾಯುವ ಬದಲು ಸಂಗ್ರಹಾಲಯವೇ ಜನರ ನಡುವೆ ಹೋಗಬೇಕೆಂಬ ವಿಚಾರ ಜಗತ್ತಿನಲ್ಲಿ ಬಲಗೊಂಡದ್ದು 1960ರ ದಶಕದಲ್ಲಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ ನಡೆದ ಒಂದು ಪ್ರಯೋಗ ಇದಕ್ಕೆ ಮಾದರಿಯಾಯಿತು. ಅಲ್ಲಿನ ಅನಕೋಸ್ಟಿಯ ಕಪ್ಪು ಜನರು ಹೆಚ್ಚಾಗಿ ವಾಸಿಸುವ ಬಡಾವಣೆ. ನಗರದ ಹೃದಯಭಾಗದಲ್ಲಿರುವ ಸ್ಮಿತ್ಸೋನಿಯನ್ ಸಂಸ್ಥೆಯ ಭವ್ಯ ಸಂಗ್ರಹಾಲಯಗಳಿಗೆ ಈ ಜನ ಬರುತ್ತಿದ್ದುದು ಕಡಿಮೆ. ಸಂಸ್ಥೆಯ ಮುಖ್ಯಸ್ಥ ಡಿಲ್ಲನ್ ರಿಪ್ಲೆ ಅವರ ಆಲೋಚನೆಯಂತೆ 1967ರಲ್ಲಿ ಆ ಬಡಾವಣೆಯ ಹಳೆಯ ಚಿತ್ರಮಂದಿರವೊಂದರಲ್ಲಿ ನೆರೆಹೊರೆಯ ವಸ್ತುಸಂಗ್ರಹಾಲಯ ಆರಂಭವಾಯಿತು. ಸಮಾಜಸೇವೆಯಲ್ಲಿ ತೊಡಗಿದ್ದ ಜಾನ್ ಕಿನಾರ್ಡ್ ಅದರ ನಿರ್ದೇಶಕರಾದರು.

1969ರಲ್ಲಿ ಅಲ್ಲಿ ಏರ್ಪಟ್ಟ ಒಂದು ಪ್ರದರ್ಶನದ ವಿಷಯ ಇಲಿ! ಚಿತ್ರಕಲೆಯಲ್ಲ, ರಾಜರ ಕಿರೀಟವಲ್ಲ. ಆ ಬಡಾವಣೆಯ ಮನೆಗಳಲ್ಲಿ ದಿನನಿತ್ಯ ಕಾಟ ಕೊಡುತ್ತಿದ್ದ ಇಲಿಗಳನ್ನು ಜೀವಂತವಾಗಿಯೇ ಇಟ್ಟು, ಅವು ಏಕೆ ಹೆಚ್ಚುತ್ತವೆ, ಎಂಥ ರೋಗ ಹರಡುತ್ತವೆ, ತಡೆಯುವುದು ಹೇಗೆ ಎಂಬುದನ್ನು ತೋರಿಸಲಾಯಿತು. ಇದೇನು ಸಂಗ್ರಹಾಲಯದ ಕೆಲಸವೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಬಡಾವಣೆಯ ಜನರ ಕಷ್ಟವೇ ಪ್ರದರ್ಶನದ ವಸ್ತುವಾದಾಗ ಅವರು ನೋಟಕರಾಗಿ ಉಳಿಯಲಿಲ್ಲ. ಆ ವಿಷಯದಲ್ಲಿ ಅವರೇ ಅನುಭವಸ್ಥರು, ಅವರೇ ಸಾಕ್ಷಿಗಳು.

ಕಟ್ಟಿದ ಕೈಯೇ ಹೇಳಿದ ಮಾತು

ಜನರನ್ನು ಹೀಗೆ ತಿಳಿದವರೆಂದು ಕಾಣುವ ದೃಷ್ಟಿ ನಮ್ಮ ದೇಶದಲ್ಲೂ ತನ್ನದೇ ರೀತಿಯಲ್ಲಿ ಬೆಳೆಯಿತು. ಭೋಪಾಲಿನ ಸರೋವರದ ಮೇಲಣ ಬೆಟ್ಟದಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದಲ್ಲಿ ಬುಡಕಟ್ಟು ಜನರ ಮನೆಗಳು ಬಯಲಿನಲ್ಲಿ ಸಾಲಾಗಿ ನಿಂತಿವೆ. ಅವನ್ನು ಗುತ್ತಿಗೆದಾರರು ಕಟ್ಟಲಿಲ್ಲ. ಆಯಾ ಸಮುದಾಯದವರನ್ನೇ ಕರೆಸಿ, ಅವರ ಕೈಯಿಂದಲೇ ಕಟ್ಟಿಸಲಾಯಿತು. ಗೋಡೆಗೆ ಯಾವ ಮಣ್ಣು, ಯಾವ ಹದ, ಹೊಸ್ತಿಲು ಯಾವ ದಿಕ್ಕಿಗೆ ಎಂಬುದನ್ನು ಹೇಳುವ ಅಧಿಕಾರ ಅಲ್ಲಿ ಅವರದೇ ಆಗಿತ್ತು.

ಕರ್ನಾಟಕದಲ್ಲಿ 1968ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯ ಆರಂಭಿಸಿದ ಜಾನಪದ ವಸ್ತುಸಂಗ್ರಹಾಲಯ ಇಂಥ ಒಂದು ದೊಡ್ಡ ಹೆಜ್ಜೆ. ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಹಳ್ಳಿಹಳ್ಳಿ ತಿರುಗಿ ಕೂಡಿಸಿದ ಸಾಮಗ್ರಿಗಳು ಜಯಲಕ್ಷ್ಮಿ ವಿಲಾಸವೆಂಬ ಅರಮನೆಯಲ್ಲಿ ನೆಲೆಗೊಂಡವು. ಅರಸುಮನೆತನಕ್ಕಾಗಿ ಕಟ್ಟಿದ ಮಹಲಿನಲ್ಲಿ ರೈತನ ನೇಗಿಲು, ಸೋಮನ ಮುಖ, ತೊಗಲುಗೊಂಬೆ ಇವುಗಳಿಗೆ ಗೌರವದ ಸ್ಥಾನ ಸಿಕ್ಕಿತು. ನಮ್ಮ ಮನೆಯ ಅಟ್ಟದ ಮೇಲಿದ್ದ ಕೊಳಗವೂ ಇತಿಹಾಸದ ಆಧಾರ ಎಂಬ ಅರಿವನ್ನು ಇದು ಮೂಡಿಸಿತು.

ಎಚ್.ಎಲ್. ನಾಗೇಗೌಡರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕರ್ನಾಟಕ ಜಾನಪದ ಪರಿಷತ್ತಿನ ಮೂಲಕ ರಾಮನಗರದ ಬಳಿ, ಬೆಂಗಳೂರು-ಮೈಸೂರು ಹೆದ್ದಾರಿಯ ಪಕ್ಕದ 15 ಎಕರೆಯಲ್ಲಿ ಅವರು ಕಟ್ಟಿದ ಜಾನಪದ ಲೋಕ 1994ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಒನಕೆ, ಬೀಸುವ ಕಲ್ಲು, ವಾದ್ಯಗಳ ಜೊತೆಗೆ ಹಾಡಿನ ಧ್ವನಿಮುದ್ರಣಗಳೂ ಇವೆ, ಹಾಡುವ ಕುಣಿಯುವ ಕಲಾವಿದರಿಗೆ ವೇದಿಕೆಯೂ ಇದೆ. ಇದರ ಮಹತ್ವ ಬಹಳ. ಗೋಡೆಗೆ ತೂಗುಹಾಕಿದ ಡೊಳ್ಳು ಮೂಕ; ಬಾರಿಸುವವನು ಬಂದಾಗಲೇ ಅದಕ್ಕೆ ಮಾತು. ಕೂರಿಗೆಯ ಕೆಳಗೆ ಹೆಸರು ಬರೆದು ಅಂಟಿಸಿದರೆ ಅದರ ಕಥೆ ಮುಗಿಯುವುದಿಲ್ಲ. ಅದರ ಬಟ್ಟಲಿಗೆ ಬೀಜವನ್ನು ಎಷ್ಟು ಹದವಾಗಿ ಬಿಡಬೇಕೆಂಬುದು ಬಿತ್ತಿದ ಕೈಗೆ ಮಾತ್ರ ಗೊತ್ತು. ಆ ತಿಳಿವಳಿಕೆ ದಾಖಲಾಗದೆ ಹೋದರೆ ಉಳಿಯುವುದು ಮರದ ತುಂಡಷ್ಟೇ.

ಊರೇ ಕಾವಲುಗಾರ

ಇತ್ತೀಚಿನ ಒಂದು ಘಟನೆ ಬೇಗೂರಿನ ಪ್ರಶ್ನೆಗೆ ಉತ್ತರದ ದಾರಿ ತೋರಿಸುತ್ತದೆ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ, ಗಂಗ ಅರಸ ಶ್ರೀಪುರುಷನ ಕಾಲದ ವೀರಗಲ್ಲೊಂದು ಬೆಳಕಿಗೆ ಬಂದಿತು. ಅದರಲ್ಲಿರುವುದು ಕಿತ್ತಯ್ಯನೆಂಬ ವೀರನ ಹೆಸರು. ಹಿಂದೆಯಾಗಿದ್ದರೆ ಅದು ಸಂಗ್ರಹಾಲಯದ ಗೋದಾಮು ಸೇರುತ್ತಿತ್ತು, ಇಲ್ಲವೇ ಯಾವುದೋ ತಳಪಾಯದಲ್ಲಿ ಹೂತುಹೋಗುತ್ತಿತ್ತು. ಸ್ಥಳೀಯರೂ ಇತಿಹಾಸಾಸಕ್ತರೂ ಸೇರಿ, ಜನರಿಂದ ಹಣ ಕೂಡಿಸಿ, ಹೆಬ್ಬಾಳದಲ್ಲೇ ಅದಕ್ಕೊಂದು ಮಂಟಪ ಕಟ್ಟಲು ಮುಂದಾದರು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಗರದ ಸುತ್ತಲಿನ ಶಾಸನಗಳ ಮೂರು ಆಯಾಮದ ಡಿಜಿಟಲ್ ಪ್ರತಿಗಳನ್ನು ಸಿದ್ಧಪಡಿಸುವ ಕೆಲಸ ಕೈಗೊಂಡಿತು. ಹೀಗೆ ಕಲ್ಲು ಊರಿನಲ್ಲಿದ್ದೂ ಅದರ ಪಾಠ ಎಲ್ಲರಿಗೂ ಸಿಗುವುದು ಸಾಧ್ಯವಾಗಿದೆ. 2022ರಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಅಂಗೀಕರಿಸಿದ ಹೊಸ ವ್ಯಾಖ್ಯೆಯಲ್ಲೂ ಸಮುದಾಯಗಳ ಸಹಭಾಗಿತ್ವದ ಮಾತು ಸೇರಿದೆ.

ಹಾಗೆಂದು ಎಲ್ಲ ಕಲ್ಲುಗಳನ್ನೂ ಊರಿಗೆ ಹಿಂದಿರುಗಿಸಬೇಕೆಂದಲ್ಲ. ರಕ್ಷಣೆಯಿಲ್ಲದ ಕಡೆ ಕಳ್ಳತನವಾಗಬಹುದು, ಕಲ್ಲು ಸವೆದುಹೋಗಬಹುದು. ಆದರೆ ಸಂಗ್ರಹಾಲಯ ಮಾಡಬಹುದಾದ ಕೆಲಸಗಳು ಅನೇಕ. ತಾನು ಪಡೆದ ಪ್ರತಿಯೊಂದು ಶಾಸನದ ಪ್ರತಿಕೃತಿಯನ್ನೋ ಛಾಯಾಚಿತ್ರವನ್ನೋ, ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಬರೆದು, ಆ ಊರಿನ ಶಾಲೆಗೆ ತಲುಪಿಸಬಹುದು. ವರ್ಷಕ್ಕೊಮ್ಮೆಯಾದರೂ ಆ ಊರಿನವರನ್ನು ಅತಿಥಿಗಳಾಗಿ ಕರೆಯಬಹುದು. ಹಳೆಯ ಉಪಕರಣಗಳ ಬಗ್ಗೆ ಹಿರಿಯರ ಮಾತನ್ನು ಅವರು ನಮ್ಮೊಡನೆ ಇರುವಾಗಲೇ ದಾಖಲಿಸಿಕೊಳ್ಳಬಹುದು.

ನಾವು ಮಾಡಬಹುದಾದದ್ದೂ ಇದೆ. ನಮ್ಮ ಊರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ಬರಹವಿರುವ ಕಲ್ಲು ಇದೆಯೇ ಎಂದು ನೋಡುವುದು. ಇದ್ದರೆ ಅದರ ಮೇಲೆ ಬಣ್ಣ ಬಳಿಯದೆ, ಬಟ್ಟೆ ಒಗೆಯಲು ಬಳಸದೆ ಕಾಪಾಡುವುದು. ಪುರಾತತ್ವ ಇಲಾಖೆಗೋ ಸಮೀಪದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ತಿಳಿಸುವುದು. ಮುಂದಿನ ಸಲ ವಸ್ತುಸಂಗ್ರಹಾಲಯಕ್ಕೆ ಹೋದಾಗ ವಸ್ತುವಿನ ಕೆಳಗೆ ಬರೆದಿರುವ ಊರಿನ ಹೆಸರನ್ನು ಮೊದಲು ಓದಿ. ಅದು ನಿಮ್ಮ ಊರೋ ನೆರೆಯ ಊರೋ ಆಗಿದ್ದರೆ, ನಿಮಗೆ ತಿಳಿದುದನ್ನು ಅಲ್ಲಿರುವವರಿಗೆ ಹೇಳಿ. ತಮಾಷೆ ಬಂಗಲೆ ನಮ್ಮ ಮನೆಯಾಗುವುದು ಅಂಥ ಮಾತುಕತೆಯಿಂದಲೇ.