ಗಾಜಿನೊಳಗಿನ ಕಡಲಿಗೆ ಕಾವಲು

ಶಿರಾಲಿಯ ನೆರೆಯ ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಸಾಗಿದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಇಂಗ್ಲಿಷರು ಇದನ್ನು ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳಗಳ ದ್ವೀಪ ಎಂದು ಕರೆದರು. ದ್ವೀಪದ ಬಂಡೆಗಳ ಬುಡದಲ್ಲಿ, ನೀರಿನಡಿ, ಹವಳಗಳು ಬೆಳೆದಿವೆ. ಇದೇ ಕಡಲಿನ ದಡದಲ್ಲಿರುವ ಶಿರಾಲಿ, ಭಟ್ಕಳ, ಹೊನ್ನಾವರಗಳ ಮರಳು ದಂಡೆಯಲ್ಲಿ ಮಾತ್ರ ಹವಳದ ದಿಬ್ಬ ಕಾಣಸಿಗದು. ಹೀಗೇಕೆ?

ಹವಳಕ್ಕೆ ಬೇಕಾದುದು ಹೆಚ್ಚು ಬದಲಾಗದ ನೀರು. ಮಳೆಗಾಲ ಬಂತೆಂದರೆ ವೆಂಕಟಾಪುರ ಹೊಳೆ, ಶರಾವತಿ, ಅಘನಾಶಿನಿಗಳು ಘಟ್ಟದ ಸಿಹಿನೀರನ್ನೂ ಕೆಂಪು ಮಣ್ಣನ್ನೂ ತಂದು ಕಡಲಂಚಿಗೆ ಸುರಿಯುತ್ತವೆ. ಉಪ್ಪಿನಂಶ ಕುಸಿಯುತ್ತದೆ, ಬಗ್ಗಡದಲ್ಲಿ ಬೆಳಕು ಕೆಳಗಿಳಿಯದು, ಕೆಸರು ಮೇಲೆ ಕೂರುತ್ತದೆ. ದೂರದ ನೇತ್ರಾಣಿಗೆ ಈ ಹೊಡೆತ ಅಷ್ಟಾಗಿ ತಟ್ಟುವುದಿಲ್ಲ.

ಇಷ್ಟು ನಾಜೂಕಾದ ಜೀವಲೋಕವನ್ನು ಮನೆಯ ಜಗಲಿಯ ಗಾಜಿನ ತೊಟ್ಟಿಯಲ್ಲಿ ಕಟ್ಟುವ ಹವ್ಯಾಸಕ್ಕೆ ರೀಫ್ ಅಕ್ವೇರಿಯಂ ಎಂದು ಹೆಸರು. ತೊಟ್ಟಿಯ ಶಾಖ, ಉಪ್ಪು, ಬೆಳಕು, ಅಲೆಗಳನ್ನು ಹಗಲಿರುಳು ನೋಡಿಕೊಳ್ಳಲು ಇಂದು ‘ಕಂಟ್ರೋಲರ್’ ಎಂಬ ಸಣ್ಣ ಪೆಟ್ಟಿಗೆ ಬಂದಿದೆ. ಮನುಷ್ಯರ ಕೈ ಮಾಡುತ್ತಿದ್ದ ಕೆಲಸವೊಂದು ಯಂತ್ರದ ಪಾಲಿಗೆ ಬಂದ ಕಥೆ ಸ್ವಾರಸ್ಯದ್ದು. ಆ ಯಂತ್ರಕ್ಕೆ ಯಾವುದನ್ನು ಒಪ್ಪಿಸಬಹುದು, ಯಾವುದನ್ನು ಒಪ್ಪಿಸಬಾರದು ಎಂಬುದನ್ನೂ ಅದೇ ಕಥೆ ತಿಳಿಸುತ್ತದೆ.

ಕಿಟಕಿಯ ಬಳಿ ಮುಕ್ಕಾಲು ಗಂಟೆ

1846ರಲ್ಲಿ ಆ್ಯನಾ ಥಿನ್ ಎಂಬ ಇಂಗ್ಲಿಷ್ ಮಹಿಳೆ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಹವಳಗಳನ್ನು ಜಾಡಿಯಲ್ಲಿಟ್ಟುಕೊಂಡು ಲಂಡನ್ನಿಗೆ ಹೋದರು. ಲಂಡನ್ನಿನಲ್ಲಿ ಕಡಲ ನೀರು ಕೈಗೆಟಕುವಂತಿರಲಿಲ್ಲ. ಇದ್ದ ನೀರನ್ನೇ ತೆರೆದ ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತ, ಅದರಲ್ಲಿ ಗಾಳಿ ಬೆರೆಯುವಂತೆ ಮಾಡಬೇಕಿತ್ತು. ದಿನಕ್ಕೆ ಅರ್ಧದಿಂದ ಮುಕ್ಕಾಲು ಗಂಟೆಯ ಈ ಕೆಲಸ ಮನೆಗೆಲಸದ ಹುಡುಗಿಯ ಪಾಲಿಗೆ ಬಂತು. ಮುಂದಿನ ವರ್ಷ ಥಿನ್ ಆ ನೀರಿಗೆ ಕಡಲ ಪಾಚಿಯನ್ನೂ ಸೇರಿಸಿದರು. ಹವಳಗಳು ಸುಮಾರು ಮೂರು ವರ್ಷ ಬದುಕಿದವು. ಮನೆಯೊಳಗಿನ ಹವಳದ ತೊಟ್ಟಿಗೆ ಮೊದಲ ‘ನಿಯಂತ್ರಕ’ಳು, ಇತಿಹಾಸ ಹೆಸರಿಸದ ಆ ಹುಡುಗಿ ಎಂದರೆ ತಪ್ಪಾಗದು.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕರಿಗಾಗಿ ಮೊದಲ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಜೀವವಿಜ್ಞಾನಿ ಬರೆದ ಪುಸ್ತಕದಿಂದ ‘ಅಕ್ವೇರಿಯಂ’ ಎಂಬ ಪದ ಮನೆಮಾತಾಯಿತು. ಆದರೂ ಹವಳ ಸಾಕುವುದು ನೂರು ವರ್ಷ ಕಾಲ ಕಷ್ಟದ ಕೆಲಸವಾಗಿಯೇ ಉಳಿಯಿತು. 1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬುವರು, ಕಡಲಿನಿಂದ ತಂದ ಜೀವಂತ ಕಲ್ಲು, ಬಿಸಿಲು ಮತ್ತು ಗಾಳಿಗುಳ್ಳೆಗಳಿಂದಲೇ ಹವಳ ಸಾಕಬಹುದೆಂದು ಲೇಖನ ಬರೆದು ತೋರಿಸಿದರು. ಆ ಕಲ್ಲಿನ ರಂಧ್ರಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ನೀರಿನ ಕೊಳೆಯನ್ನು ತಿಂದು ಶುದ್ಧಗೊಳಿಸುತ್ತವೆ. ಎಂಗ್ ಅವರ ಅನುಕೂಲವೆಂದರೆ ಕಡಲು ಹತ್ತಿರವೇ ಇತ್ತು, ಬಿಸಿಲಿಗೆ ಬರವಿರಲಿಲ್ಲ. ಜರ್ಮನಿಯಂಥ ಚಳಿ ದೇಶದವರು ಇದನ್ನೇ ಮಾಡಲು ಹೊರಟಾಗ ಬಿಸಿಲಿಗೆ ಬದಲಾಗಿ ಪ್ರಖರ ದೀಪ, ಅಲೆಗೆ ಬದಲಾಗಿ ಪಂಪು, ಚಳಿಗೆ ಹೀಟರ್ ಬೇಕಾದವು. ಸ್ವಿಚ್ಚುಗಳ ಸಂಖ್ಯೆ ಬೆಳೆದಂತೆ ಅವನ್ನು ಒತ್ತುವ ಕೈಗೆ ಬಿಡುವಿಲ್ಲದಂತಾಯಿತು. ಕಂಟ್ರೋಲರ್ ಹುಟ್ಟಿದ್ದು ಈ ಅಗತ್ಯದಿಂದ.

ಕಣ್ಣು, ಬುದ್ಧಿ, ಕೈ

ಯಾವುದೇ ಸ್ವಯಂಚಾಲಿತ ನಿಯಂತ್ರಣದಲ್ಲಿ ಮೂರು ಅಂಗಗಳಿರುತ್ತವೆ. ಅಳೆಯುವ ಕಣ್ಣು, ಅಂದರೆ ಸೆನ್ಸರ್. ಅಳತೆಯನ್ನು ಗುರಿಯೊಂದಿಗೆ ಹೋಲಿಸುವ ಬುದ್ಧಿ. ಪಂಪನ್ನೋ ದೀಪವನ್ನೋ ಹಚ್ಚಿ ಆರಿಸುವ ಕೈ, ಅಂದರೆ ರಿಲೇ. ನಮ್ಮ ಮನೆಗಳ ಮಾಳಿಗೆ ಟ್ಯಾಂಕಿನಲ್ಲಿ ತೇಲುವ ಚೆಂಡು ಈ ಮೂರೂ ಕೆಲಸವನ್ನು ಒಂದೇ ಮೈಯಲ್ಲಿ ಮಾಡುತ್ತದೆ: ನೀರು ಏರಿದಂತೆ ತಾನೂ ಏರಿ ನಳದ ಬಾಯಿ ಮುಚ್ಚುತ್ತದೆ. ಈ ಉಪಾಯಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ವಯಸ್ಸು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ತನ್ನ ಜಲಗಡಿಯಾರದಲ್ಲಿ ನೀರಿನ ಹರಿವನ್ನು ತೇಲುವ ಬಿರಡೆಯಿಂದಲೇ ಹಿಡಿತದಲ್ಲಿಟ್ಟಿದ್ದ.

ಶಾಖದ ನಿಯಂತ್ರಣ ಬಂದದ್ದು 17ನೆಯ ಶತಮಾನದ ಆರಂಭದಲ್ಲಿ. ಡಚ್ಚರ ಕಾರ್ನೆಲಿಸ್ ಡ್ರೆಬೆಲ್ ಕೋಳಿಮೊಟ್ಟೆಗೆ ಕಾವು ಕೊಡುವ ಒಲೆಯೊಂದನ್ನು ಮಾಡಿದ. ಒಲೆ ಬಿಸಿಯಾದರೆ ಕೊಳವೆಯ ದ್ರವ ಹಿಗ್ಗಿ ಗಾಳಿಯ ಕಿಂಡಿಯನ್ನು ಮುಚ್ಚುತ್ತಿತ್ತು, ಬೆಂಕಿ ತಗ್ಗುತ್ತಿತ್ತು. 1909ರಲ್ಲಿ ಕೋಪನ್‌ಹೇಗನ್ನಿನ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಹುಳಿ-ಕ್ಷಾರಗಳನ್ನು ಅಳೆಯುವ ಪಿ.ಎಚ್. ಮಾನವನ್ನು ರೂಪಿಸಿದರು. 1971ರಲ್ಲಿ ಮೈಕ್ರೊಪ್ರೊಸೆಸರ್ ಮಾರುಕಟ್ಟೆಗೆ ಬಂತು. ಇವೆಲ್ಲ ಒಂದೆಡೆ ಸೇರಿ 1990ರ ದಶಕದಲ್ಲಿ ಅಮೆರಿಕ, ಜರ್ಮನಿಗಳಲ್ಲಿ ಅಕ್ವೇರಿಯಂಗೆಂದೇ ಮಾಡಿದ ಕಂಟ್ರೋಲರ್‌ಗಳು ಮಾರಾಟಕ್ಕೆ ಬಂದವು. 2005ರಲ್ಲಿ ಇಟಲಿಯಿಂದ ಆರ್ಡುಯಿನೊ, 2012ರಲ್ಲಿ ಬ್ರಿಟನ್ನಿನಿಂದ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಬೋರ್ಡುಗಳು ಬಂದ ಮೇಲೆ, ಬೆಸುಗೆ ಹಾಕಲು ಬಲ್ಲ ಕಾಲೇಜು ಹುಡುಗರೂ ಮನೆಯಲ್ಲೇ ಇದನ್ನು ಜೋಡಿಸಬಹುದಾಯಿತು. ‘ರೀಫ್-ಪೈ’ ಎಂಬ ತಂತ್ರಾಂಶ ಇದಕ್ಕೆಂದೇ ಉಚಿತವಾಗಿ ದೊರೆಯುತ್ತದೆ.

ಗಜನಿಯ ಬಾಗಿಲು

ಉಪ್ಪುನೀರನ್ನು ಅಳತೆಯಲ್ಲಿಡುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದಲ್ಲ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಕಟ್ಟೆ ಹಾಕಿ, ಅದರಲ್ಲಿ ಜಂತ್ರಡಿ ಎಂಬ ಹಲಗೆಯ ತೂಬುಗಳನ್ನಿಟ್ಟು, ಉಬ್ಬರ ಇಳಿತ ನೋಡಿಕೊಂಡು ನೀರನ್ನು ಬಿಡುತ್ತಿದ್ದರು, ತಡೆಯುತ್ತಿದ್ದರು. ಮಳೆ ಬಂದು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟು ಮೀನು, ಸಿಗಡಿ. ಇಲ್ಲಿ ಸೆನ್ಸರ್, ರಿಲೇ ಎರಡೂ ಒಬ್ಬ ಮನುಷ್ಯನೇ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದ ಲೆಕ್ಕ ಅವನ ತಲೆಯಲ್ಲಿತ್ತು. ಕಟ್ಟೆ ಒಡೆದರೆ ಇಡೀ ಬಯಲಿನ ಬೆಳೆ ಹೋಗುತ್ತದೆ ಎಂಬ ಭಯವೂ ಅವನಿಗಿತ್ತು. ಕಂಟ್ರೋಲರ್‌ಗೆ ಮೊದಲನೆಯದನ್ನು ಕಲಿಸಬಹುದು. ಎರಡನೆಯದನ್ನು ಕಲಿಸಲಾಗದ ಕಾರಣ, ಕೆಟ್ಟಾಗ ಏನಾಗಬೇಕೆಂಬುದನ್ನು ಜೋಡಿಸುವವರೇ ಮುಂಚಿತವಾಗಿ ಯೋಚಿಸಿಡಬೇಕು.

ಕೆಟ್ಟರೆ ಏನಾದೀತು?

ತೊಟ್ಟಿಯಲ್ಲಿ ಮೊದಲು ಎದುರಾಗುವ ಸಮಸ್ಯೆ ನೀರು ಆರುವುದು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಉಪ್ಪು ಬೆಳೆಯುವುದು ಹೇಗೆ? ಬಿಸಿಲಿಗೆ ನೀರು ಹಾರಿಹೋಗುತ್ತದೆ, ಉಪ್ಪು ಆಗರದಲ್ಲಿ ಉಳಿಯುತ್ತದೆ. ಜಗಲಿಯ ತೊಟ್ಟಿಯಲ್ಲೂ ನಡೆಯುವುದು ಇದೇ. 200 ಲೀಟರ್ ತೊಟ್ಟಿಯಿಂದ ದಿನಕ್ಕೆ 4 ಲೀಟರ್ ಆರಿದರೆ ಹತ್ತು ದಿನಕ್ಕೆ 160 ಲೀಟರ್ ಉಳಿಯುತ್ತದೆ. ಸಾವಿರ ಭಾಗಕ್ಕೆ 35ರಷ್ಟಿದ್ದ ಉಪ್ಪು ಆಗ ಸುಮಾರು 44ಕ್ಕೆ ಏರಿರುತ್ತದೆ. ಹಾಗಾಗಿ ಮಟ್ಟ ಇಳಿದಾಗ ಪಕ್ಕದ ಡಬ್ಬದಿಂದ ಸಿಹಿನೀರು ತುಂಬುವ ಫ್ಲೋಟ್ ಸ್ವಿಚ್ಚು ಮತ್ತು ಪುಟ್ಟ ಪಂಪು ಕಂಟ್ರೋಲರ್‌ನ ಮೊದಲ ಜವಾಬ್ದಾರಿ.

ಆದರೆ ಫ್ಲೋಟಿಗೆ ಪಾಚಿ ಕಟ್ಟಿ ಅದು ಕೆಳಗೇ ಸಿಕ್ಕಿಕೊಂಡರೆ? ಪಂಪು ನಿಲ್ಲುವುದೇ ಇಲ್ಲ. ಡಬ್ಬದಲ್ಲಿ 40 ಲೀಟರ್ ಇದ್ದರೆ ಅಷ್ಟೂ ತೊಟ್ಟಿ ಸೇರಿ ಉಪ್ಪು 29ಕ್ಕೆ ಇಳಿಯುತ್ತದೆ, ಉಳಿದದ್ದು ನೆಲಕ್ಕೆ ಚೆಲ್ಲುತ್ತದೆ. ಡಬ್ಬವೇ 8 ಲೀಟರಿನದಾದರೆ ಉಪ್ಪು 33.6ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಜೀವಕ್ಕೆ ಅಪಾಯವಿಲ್ಲ. ಎರಡು ದಿನಕ್ಕೊಮ್ಮೆ ಡಬ್ಬ ತುಂಬುವ ಶ್ರಮವೇ ಇಲ್ಲಿ ರಕ್ಷಣೆ. ಇದರ ಜೊತೆಗೆ ಮೇಲ್ಮಟ್ಟದಲ್ಲಿ ಇನ್ನೊಂದು ಫ್ಲೋಟ್ ಇಡಬೇಕು, ಪಂಪು ಒಮ್ಮೆಗೆ ಇಂತಿಷ್ಟೇ ನಿಮಿಷ ಓಡಬೇಕೆಂಬ ಮಿತಿ ಹಾಕಬೇಕು.

ಎರಡನೆಯದು ಶಾಖ. ಚಳಿ ದೇಶಗಳಿಗಾಗಿ ಬರೆದ ಪುಸ್ತಕಗಳಲ್ಲಿ ಹೀಟರಿನ ಮಾತೇ ಹೆಚ್ಚು. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಬೇಕಾದುದು ತಂಪು ಮಾಡುವ ಚಿಲ್ಲರ್ ಅಥವಾ ಫ್ಯಾನು. 26.5 ಡಿಗ್ರಿ ಸೆಲ್ಸಿಯಸ್‌ಗೆ ಚಾಲೂ, 26 ಡಿಗ್ರಿಗೆ ಬಂದ್ ಎಂದು ನಡುವೆ ಅರ್ಧ ಡಿಗ್ರಿ ಅಂತರವಿಡಬೇಕು. ಇಲ್ಲದಿದ್ದರೆ ಸ್ವಿಚ್ಚು ನಿಮಿಷಕ್ಕೊಮ್ಮೆ ಹತ್ತಿ ಆರಿ ಯಂತ್ರ ಬೇಗ ಸೋಲುತ್ತದೆ.

ಮೂರನೆಯದು ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಗಂಟೆಗಟ್ಟಲೆ ಕತ್ತಲೆ. ಬೆಳಕಿಲ್ಲದೆ ತೊಟ್ಟಿ ಒಂದೆರಡು ದಿನ ತಾಳೀತು. ನೀರು ಆಡದೆ, ಗಾಳಿ ಬೆರೆಯದೆ ತಾಳದು. ಇನ್ವರ್ಟರಿಗೆ ಮೊದಲು ಜೋಡಿಸಬೇಕಾದುದು ನೀರಾಡಿಸುವ ಪಂಪನ್ನು. ಸೆನ್ಸರಿನ ತಂತಿ ಕಳಚಿದರೂ ಪಂಪು ಓಡುತ್ತಿರಬೇಕು, ಹೀಟರು ಆರಿರಬೇಕು ಎಂದು ಕಂಟ್ರೋಲರ್‌ಗೆ ಮೊದಲೇ ಹೇಳಿಡಬೇಕು. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ಆದ್ದರಿಂದ ಸೋರಿಕೆಯಾದ ಕೂಡಲೇ ಕಡಿದುಬೀಳುವ ಆರ್‌ಸಿಸಿಬಿ ಸ್ವಿಚ್ಚು ಮನೆಯವರ ಜೀವಕ್ಕೇ ಅಗತ್ಯ. ತಂತಿಗಳು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಏರುವಂತಿದ್ದರೆ ಹನಿ ನೀರು ಪ್ಲಗ್ಗಿಗೆ ಹರಿಯದು.

ಅಂಕಿಗಳ ಮೇಲೆ ಅತಿಯಾದ ನಂಬಿಕೆಯೂ ಸಲ್ಲದು. ರಾತ್ರಿ ಬೆಳಕಿಲ್ಲದಾಗ ಪಾಚಿಗಳು ಇಂಗಾಲದ ಡೈ ಆಕ್ಸೈಡನ್ನು ಹೀರುವುದಿಲ್ಲ. ಹೀಗಾಗಿ ಪಿ.ಎಚ್. ಸ್ವಲ್ಪ ಇಳಿಯುವುದು ಸಹಜ. ಇದನ್ನು ರೋಗವೆಂದು ತಿಳಿದು ರಾತ್ರಿಯೆಲ್ಲ ಕ್ಷಾರ ಸುರಿಯುವಂತೆ ಯಂತ್ರಕ್ಕೆ ಆಜ್ಞೆ ಕೊಟ್ಟರೆ ಬೆಳಗ್ಗೆ ತೊಟ್ಟಿ ಕೆಟ್ಟಿರುತ್ತದೆ. ಪಿ.ಎಚ್. ಸಲಾಕೆಯೂ ಕಾಲಕ್ರಮೇಣ ತಪ್ಪು ಹೇಳತೊಡಗುತ್ತದೆ. 7 ಮತ್ತು 10ರ ಪ್ರಮಾಣ ದ್ರಾವಣಗಳಲ್ಲಿ ಅದ್ದಿ ತಿಂಗಳಿಗೊಮ್ಮೆ ತಿದ್ದಬೇಕು.

ತೊಟ್ಟಿಗೆ ಏನು ತರುವುದು?

ಇಲ್ಲಿ ಕಾನೂನಿನ ಮಾತು ಬರುತ್ತದೆ. 2001ರಲ್ಲಿ ಕೇಂದ್ರ ಸರ್ಕಾರ ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಹುಲಿ, ಆನೆಗಳಿರುವ ಪಟ್ಟಿ ಇದು. ನೇತ್ರಾಣಿಯಲ್ಲಿ ಮುಳುಗುವ ಪ್ರವಾಸಿ ಹವಳದ ಒಂದು ತುಂಡು ಮುರಿದು ತಂದರೂ ಅಪರಾಧ.

ಇಂಥ ನಿಯಮ ಏಕೆ ಬೇಕೆಂಬುದಕ್ಕೆ ಇಂಗ್ಲೆಂಡಿನ ಇತಿಹಾಸವೇ ಸಾಕ್ಷಿ. ಗಾಸ್ ಅವರ ಪುಸ್ತಕ ಓದಿದ ಜನ ಬುಟ್ಟಿ ಹಿಡಿದು ಡೆವನ್ ದಂಡೆಗೆ ಮುಗಿಬಿದ್ದರು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ತಂದೆಯ ಪುಸ್ತಕವೇ ಇದಕ್ಕೆ ದಾರಿಯಾಯಿತೆಂದು ಅವರ ಮಗ ಎಡ್ಮಂಡ್ ಗಾಸ್ 1907ರ ತಮ್ಮ ಆತ್ಮಕಥನದಲ್ಲಿ ನೊಂದು ಬರೆದಿದ್ದಾರೆ.

ಹಾಗೆಂದು ಹವ್ಯಾಸವನ್ನೇ ಕೈಬಿಡಬೇಕಾಗಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಳಿಂಜಂ, ಮಂಡಪಂ ಕೇಂದ್ರಗಳ ವಿಜ್ಞಾನಿಗಳು ಕ್ಲೌನ್ ಮೀನು ಮೊದಲಾದ ಅಲಂಕಾರದ ಕಡಲ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಸಾಕಣೆ ಕೇಂದ್ರದಲ್ಲಿ ಹುಟ್ಟಿದ ಅಂಥ ಮೀನು, ಕಡಲಿಂದ ಕಿತ್ತು ತಂದ ಕಲ್ಲಿಗೆ ಬದಲಾಗಿ ಸುಟ್ಟ ಮಣ್ಣಿನ ಗೂಡು, ಇವುಗಳಿಂದಲೂ ತೊಟ್ಟಿ ಚೆಂದವೇ. ಮೇಲೆ ಹೇಳಿದ ಕಂಟ್ರೋಲರ್ ಏರ್ಪಾಡೆಲ್ಲ ಅದಕ್ಕೂ ಅಷ್ಟೇ ಅಗತ್ಯ. ಕಟ್ಟಿದ ಮೊದಲ ಆರೆಂಟು ವಾರ ಮೀನನ್ನು ಬಿಡದೆ ಬರೀ ನೀರಿನಲ್ಲಿ ಯಂತ್ರವನ್ನು ಓಡಿಸಿ, ದಿನದ ಶಾಖ, ಉಪ್ಪು, ಪಿ.ಎಚ್. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳಿತು. ಬೇಕೆಂದೇ ಒಮ್ಮೆ ಕರೆಂಟು ತೆಗೆದು, ಒಮ್ಮೆ ಫ್ಲೋಟನ್ನು ಕೈಯಲ್ಲಿ ಒತ್ತಿಹಿಡಿದು ಏನಾಗುತ್ತದೆಂದು ನೋಡಬೇಕು.

ಕಡಲಿಗೆ ಚಿಲ್ಲರ್ ಇಲ್ಲ

ತೊಟ್ಟಿ ಕಟ್ಟಿದವರಿಗೆ ಒಂದು ವಿಷಯ ಬೇಗ ಮನದಟ್ಟಾಗುತ್ತದೆ: ಒಂದೆರಡು ಡಿಗ್ರಿಯ ಏರಿಕೆ ಎಷ್ಟು ದೊಡ್ಡದೆಂಬುದು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು ಅದೇ. ಬೇಸಿಗೆಯ ಮಾಮೂಲು ಶಾಖಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಹವಳ ಆ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪ, ಮಾಲ್ಡೀವ್ಸ್‌ಗಳಲ್ಲಿ ಹೀಗಾಯಿತು. 2024ರ ಏಪ್ರಿಲ್‌ನಲ್ಲಿ ಜಗತ್ತಿನಾದ್ಯಂತ ನಾಲ್ಕನೆಯ ಬಾರಿ ಹವಳಗಳು ಬಿಳಿಚಿಕೊಳ್ಳುತ್ತಿರುವುದಾಗಿ ವಿಜ್ಞಾನಿಗಳು ಘೋಷಿಸಿದರು. ಆ ಬೇಸಿಗೆಯಲ್ಲಿ ಲಕ್ಷದ್ವೀಪ ಮತ್ತೆ ತೀವ್ರವಾಗಿ ನಲುಗಿತು.

ನಮ್ಮದೇ ಅರಬ್ಬೀ ಸಮುದ್ರದ ಸಂಗತಿ ಇದು. ಶಿರಾಲಿಯ ಮನೆಯಲ್ಲಿ 26.5 ಡಿಗ್ರಿಗೆ ಚಿಲ್ಲರ್ ತಾನಾಗಿ ಚಾಲೂ ಆಗುತ್ತದೆ. ನೇತ್ರಾಣಿಯ ಬಂಡೆಗಳ ಬುಡದಲ್ಲಿ ಅಂಥ ಯಾವ ಏರ್ಪಾಡೂ ಇಲ್ಲ. ಅಲ್ಲಿಗೆ ಹೋಗುವ ದೋಣಿ ಲಂಗರನ್ನು ಹವಳದ ಮೇಲೆ ಬಿಡದಿರುವುದು, ಮುಳುಗುವವರು ಕೈಕಾಲು ತಾಗಿಸದಿರುವುದು, ಏನನ್ನೂ ಮುರಿದು ತಾರದಿರುವುದು ಸದ್ಯಕ್ಕೆ ನಮ್ಮ ಕೈಯಲ್ಲಿರುವ ಕೆಲಸಗಳು.