ಬೆನ್ನುಹುರಿಯ ಗಾಯ, ಯಂತ್ರದ ಉಸಿರು ಮತ್ತು ನಂಜು: ಮುಂಡಗೋಡದ ನೆಲೆಯಿಂದ ಒಂದು ಚಾರಿತ್ರಿಕ ಅವಲೋಕನ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದ ಬಳಿ ಟಿಬೆಟನ್ ನಿರಾಶ್ರಿತರ ವಸಾಹತು ನೆಲೆಗೊಂಡದ್ದು 1966ರಲ್ಲಿ. ಅದೇ ವರ್ಷ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಮೇರಿ ವರ್ಗೀಸರ ಮುಂದಾಳತ್ವದಲ್ಲಿ ಪುನರ್ವಸತಿ ಸಂಸ್ಥೆ ಆರಂಭವಾಯಿತು. 1954ರ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡಿದ್ದ ಆಕೆ, ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ನಡೆಸಿದವರು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಬೆನ್ನುಹುರಿಯ ಗಾಯಕ್ಕೆ ದಕ್ಷಿಣ ಭಾರತದಲ್ಲಿ ದೊರೆತ ವ್ಯವಸ್ಥಿತ ಆರೈಕೆ ಎಷ್ಟು ಈಚಿನದೆಂಬುದು ಈ ಕಾಲಸಾಮ್ಯದಿಂದ ತಿಳಿಯುತ್ತದೆ.

ಕ್ರಿ.ಪೂ. ಸುಮಾರು 1600ರ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಇಂತಹ ಗಾಯವನ್ನು ಚಿಕಿತ್ಸೆಗೆ ಒಳಪಡದ ವ್ಯಾಧಿಯೆಂದು ಎಣಿಸಿತು. ಮೊದಲ ಮಹಾಯುದ್ಧದವರೆಗೂ ಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. ಗಾಯಾಳುಗಳಲ್ಲಿ ಬಹುಪಾಲು ಜನರನ್ನು ಕೊಂದದ್ದು ಮುರಿದ ಮೂಳೆಯಲ್ಲ, ಮೂತ್ರಕೋಶದ ಮತ್ತು ಹಾಸಿಗೆಹುಣ್ಣಿನ ನಂಜು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್‌ವಿಗ್ ಗುಟ್‌ಮನ್ ಹೊಸ ವಿಭಾಗ ತೆರೆದು, ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವುದನ್ನು ಕಟ್ಟುನಿಟ್ಟಿನ ನಿಯಮವಾಗಿಸಿದರು. ಪೆನಿಸಿಲಿನ್ ಬಂದ ಕಾಲವೂ ಅದೇ. ಆದರೆ ಮಗ್ಗುಲು ತಿರುಗಿಸಿದ ಕೈಗಳಿಗೆ ಸಲ್ಲಬೇಕಾದ ಮನ್ನಣೆ ಔಷಧಿಗೆ ಸಂದಿತೆನ್ನಬೇಕು.

ಕುತ್ತಿಗೆಯ ಮೇಲ್ಭಾಗದ ಗಾಯದ ಕಥೆ ಬೇರೆ. ವಪೆಯನ್ನು ನಡೆಸುವ ನರಗಳು ಕುತ್ತಿಗೆಯ ಮೂರರಿಂದ ಐದನೆಯ ಬೆನ್ನುಹುರಿ ಮಟ್ಟದಲ್ಲಿ ಹೊರಡುವುದರಿಂದ, ಅದಕ್ಕೂ ಮೇಲೆ ಹುರಿ ಪೂರ್ಣವಾಗಿ ತುಂಡಾದರೆ ಉಸಿರೇ ನಿಲ್ಲುತ್ತದೆ. 1952ರ ಕೋಪನ್‌ಹೇಗನ್ ಪೋಲಿಯೊ ಪಿಡುಗಿನಲ್ಲಿ ಬ್ಯೋರ್ನ್ ಇಬ್ಸೆನ್ ಶ್ವಾಸನಾಳಕ್ಕೆ ರಂಧ್ರ ಮಾಡಿ, ವೈದ್ಯ ವಿದ್ಯಾರ್ಥಿಗಳ ಕೈಯಿಂದ ಹಗಲಿರುಳು ಗಾಳಿಯ ಚೀಲ ಒತ್ತಿಸಿದರು. ತೀವ್ರ ನಿಗಾ ಘಟಕವೂ ವೆಂಟಿಲೇಟರ್ ಬಳಕೆಯೂ ಬೆಳೆದದ್ದು ಈ ಅನುಭವದಿಂದ. ಆದರೆ ಉಸಿರು ತಂದ ನಳಿಗೆಯೇ ಸೋಂಕಿಗೂ ದಾರಿಯಾಯಿತು. ಕೆಮ್ಮುವ ಸ್ನಾಯುಗಳು ಸೋತಿರುವುದರಿಂದ ಕಫ ಶ್ವಾಸಕೋಶದಲ್ಲಿಯೇ ಉಳಿಯುತ್ತದೆ; ನಳಿಗೆಯ ಒಳಮೈಗೆ ಸೂಕ್ಷ್ಮಾಣುಗಳು ಪದರವಾಗಿ ಅಂಟುತ್ತವೆ. ಭಾರತದ ನಿಗಾ ಘಟಕಗಳಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳಂತಹ, ಹಲವು ಪ್ರತಿಜೀವಕಗಳಿಗೆ ಜಗ್ಗದ ಜೀವಾಣುಗಳು ಚಿಕಿತ್ಸೆಯನ್ನು ಇನ್ನಷ್ಟು ಕಠಿಣಗೊಳಿಸಿವೆ.

ನಂಜನ್ನು ಗುರುತಿಸುವುದೇ ಇಲ್ಲಿ ದೊಡ್ಡ ಸಮಸ್ಯೆ. ಜ್ವರ, ಏರಿದ ನಾಡಿ, ಕುಸಿದ ರಕ್ತದೊತ್ತಡ ಇವು ಅದರ ಪರಿಚಿತ ಲಕ್ಷಣಗಳು. ಕುತ್ತಿಗೆಯಲ್ಲಿ ಹುರಿ ತುಂಡಾದವನ ರಕ್ತದೊತ್ತಡ ನಂಜಿಲ್ಲದೆಯೂ ತಗ್ಗಿರುತ್ತದೆ. ನಂಜಿದ್ದರೂ ನಾಡಿ ಏರದಿರಬಹುದು. ಸೋಂಕಿಲ್ಲದೆಯೂ ಮೈ ಸುಡಬಹುದು. ಹೊಟ್ಟೆಯಲ್ಲಿ ಕೀವು ತುಂಬಿದರೂ ನೋವೆಂದು ಹೇಳಲು ಅವನಿಗೆ ಸಂವೇದನೆಯಿಲ್ಲ. 1992ರಲ್ಲಿ ಪ್ರಕಟವಾದ ನಂಜಿನ ವ್ಯಾಖ್ಯೆ ಈ ಲಕ್ಷಣಗಳನ್ನೇ ನೆಚ್ಚಿತ್ತು. 2016ರ ವ್ಯಾಖ್ಯೆ ಅಂಗಾಂಗ ವೈಫಲ್ಯಕ್ಕೆ ಒತ್ತುಕೊಟ್ಟಿತಾದರೂ, ಯಂತ್ರದಿಂದ ಉಸಿರಾಡುವವನಲ್ಲಿ ಯಾವ ವೈಫಲ್ಯ ಗಾಯದ್ದು, ಯಾವುದು ನಂಜಿನದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಕರ್ನಾಟಕದಲ್ಲಿ ನರಶಸ್ತ್ರಚಿಕಿತ್ಸೆಯ ಮುಖ್ಯ ಕೇಂದ್ರವಾಗಿ ಬೆಳೆದದ್ದು ಬೆಂಗಳೂರಿನ ನಿಮ್ಹಾನ್ಸ್. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಒಂದಾಗಿ ಅದು ರೂಪುಗೊಂಡಿತು. ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ನರಶಸ್ತ್ರಚಿಕಿತ್ಸಕರೇ ಆಗಿದ್ದರು. ಮುಂಡಗೋಡದವರಿಗೆ ಹತ್ತಿರದ ದೊಡ್ಡ ಆಸರೆ ಸುಮಾರು 50 ಕಿ.ಮೀ. ದೂರದ ಹುಬ್ಬಳ್ಳಿ. ಅಲ್ಲಿನ ವೈದ್ಯಕೀಯ ಕಾಲೇಜು 1957ರದು. 108 ಆಂಬುಲೆನ್ಸ್ ಸೇವೆ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೆ ಮೊದಲು ಘಟ್ಟದ ತೋಟಗಳಲ್ಲಿ ಅಡಿಕೆಮರದಿಂದ ಬಿದ್ದವನನ್ನು ಕುತ್ತಿಗೆಗೆ ಆಧಾರವಿಲ್ಲದೆ ಸಿಕ್ಕ ವಾಹನದಲ್ಲಿ ಮಲಗಿಸಿ ಒಯ್ಯುವುದು ವಾಡಿಕೆಯಾಗಿತ್ತು. ಟಿಬೆಟನ್ ವಸಾಹತುಗಳಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ: ನಿರಾಶ್ರಿತರನ್ನು ಬಹುಕಾಲ ಕಾಡಿದ ಕ್ಷಯ ಬೆನ್ನುಮೂಳೆಗೆ ತಗಲಿದರೆ, ಅಪಘಾತವಿಲ್ಲದೆಯೂ ಹುರಿ ಜಜ್ಜಿಹೋಗಬಲ್ಲದು.

ಯಂತ್ರದಿಂದ ಬಿಡುಗಡೆಯಾಗಿ ಊರಿಗೆ ಮರಳಿದವನ ಮೂತ್ರನಳಿಗೆ, ಕಫ, ಚರ್ಮ ಇವುಗಳ ಮೂಲಕ ನಂಜು ಮತ್ತೆ ಪ್ರವೇಶಿಸಬಹುದು. ಗುಟ್‌ಮನ್ನರ ಎರಡು ಗಂಟೆಯ ನಿಯಮವನ್ನು ರಾತ್ರಿಯಿಡೀ ಪಾಲಿಸುವ ಹೊಣೆ ಆಗ ಮನೆಯಲ್ಲಿ ಮನೆಯವರ ಮೇಲೆ, ಮಠದಲ್ಲಿ ಜೊತೆಯ ಭಿಕ್ಷುಗಳ ಮೇಲೆ ಬೀಳುತ್ತದೆ.